‘ಇತರೆ’ ಕಾಲಂನಲ್ಲಿ ಕಳೆದ ಎರಡು ವರ್ಷ

ಕೆಲಸಕ್ಕೆ ಸೇರಿದ ಮೊದಲ ದಿನವೇ ಗ್ರಂಥಪಾಲಕರು ನನ್ನನ್ನು ಕರೆದು ಕೂರಿಸಿಕೊಂಡರು. ‘ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರ್ಯಾರು ಏನೇನು ಮಾಡಿದ್ದಾರೋ ಅದೆಲ್ಲ ಒಂದೇ ಕಡೆ ಸಿಗಬೇಕು. ಆರು ತಿಂಗಳಲ್ಲಿ ಮುಗಿಸಿಬಿಡಿ’ ಎಂದರು. ಎರಡು ವರ್ಷ ಹಿಡಿಯಿತು. ಮುಗಿದಿದೆ ಅಂತ ಈಗಲೂ ಹೇಳಲಾರೆ.

ಇಂಥ ಡಿಜಿಟಲ್ ಭಂಡಾರಕ್ಕೆ ರೆಪಾಸಿಟರಿ ಅನ್ನುತ್ತಾರೆ. ಸಾಫ್ಟ್‌ವೇರ್ ಬಗ್ಗೆ ನಮಗೆ ಚಿಂತೆ ಇರಲಿಲ್ಲ. 2000ದಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಇ-ಪ್ರಿಂಟ್ಸ್ ಮಾಡಿದರು. 2002ರಲ್ಲಿ ಎಂಐಟಿ ಗ್ರಂಥಾಲಯ ಮತ್ತು ಎಚ್‌ಪಿ ಕಂಪನಿ ಸೇರಿ ಡಿ-ಸ್ಪೇಸ್ ತಂದರು. ಎರಡೂ ಪುಕ್ಕಟೆ. ನಾವು ಡಿ-ಸ್ಪೇಸ್ ಹಾಕಿಕೊಂಡೆವು. ಅದರ ಜೊತೆಗೆ ಡಬ್ಲಿನ್ ಕೋರ್ ಅನ್ನೋ ಪದ್ಧತಿಯೂ ಬರುತ್ತದೆ. ಶೀರ್ಷಿಕೆ, ಕರ್ತೃ, ದಿನಾಂಕ, ಭಾಷೆ, ಹಕ್ಕು ಹೀಗೆ ಒಟ್ಟು 15 ಕಾಲಂ. ಯಾವ ಕೃತಿಯನ್ನಾದರೂ ಇಷ್ಟರಲ್ಲಿ ವಿವರಿಸಬಹುದು ಅನ್ನೋದು ಲೆಕ್ಕಾಚಾರ. (ಡಬ್ಲಿನ್ ಅಂದ ಕೂಡಲೇ ನಾನು ಐರ್ಲೆಂಡ್ ಅಂದುಕೊಂಡಿದ್ದೆ. ಅಲ್ಲ, ಅಮೆರಿಕದ ಒಹಾಯೋದಲ್ಲೂ ಒಂದು ಡಬ್ಲಿನ್ ಇದೆ. 1995ರಲ್ಲಿ ಅಲ್ಲಿ ನಡೆದ ಕಾರ್ಯಾಗಾರದಿಂದ ಬಂದ ಹೆಸರು ಅದು.)

ಎಲ್ಲ ವಿಭಾಗಗಳಿಗೂ ಕಳಿಸಲು ನಾನೇ ಒಂದು ಎಕ್ಸೆಲ್ ಶೀಟ್ ಮಾಡಿದೆ. ಅದರಲ್ಲಿ ‘ಪ್ರಕಾರ’ ಅಂತ ಒಂದು ಕಾಲಂ. ಒತ್ತಿದರೆ ಐದು ಆಯ್ಕೆ ಇಳಿಯುತ್ತವೆ: ಲೇಖನ, ಪುಸ್ತಕ, ಥೀಸಿಸ್, ಸಮ್ಮೇಳನದ ಪ್ರಬಂಧ, ಇತರೆ. ಐದೇ ನಿಮಿಷದಲ್ಲಿ ಮಾಡಿದ ಪಟ್ಟಿ. ಆಮೇಲಿನ ಎರಡು ವರ್ಷ ನಾನು ಒದ್ದಾಡಿದ್ದು ಈ ಐದು ನಿಮಿಷದ ಕೆಲಸದ ಜೊತೆಗೇ.

ಭೌತಶಾಸ್ತ್ರ, ರಸಾಯನಶಾಸ್ತ್ರದವರು ವಾರದೊಳಗೆ ನೂರಾರು ಸಾಲು ತುಂಬಿಸಿ ಕಳಿಸಿದರು. ಭೌತಶಾಸ್ತ್ರದವರಿಗೆ ಇದು ಹೊಸದೇನಲ್ಲ. 1991ರಲ್ಲಿ ಅರ್‌ಕೈವ್ ಅನ್ನೋ ಆನ್‌ಲೈನ್ ಭಂಡಾರ ಶುರುವಾದಾಗಿನಿಂದ ಆ ಲೋಕದಲ್ಲಿ ಅಚ್ಚಾಗುವ ಮುಂಚೆಯೇ ಲೇಖನವನ್ನು ಎಲ್ಲರಿಗೂ ತೆರೆದಿಡುವ ರೂಢಿ ಇದೆ. ಸಂಗೀತ ವಿಭಾಗದಿಂದ ಮಾತ್ರ ಶೀಟ್ ಖಾಲಿ ಬಂತು. ಕೆಳಗೆ ಒಂದು ಸಾಲು: ‘ನಾವು ಇಷ್ಟು ವರ್ಷ ಏನೂ ಮಾಡಿಲ್ಲ ಅಂತ ನಿಮ್ಮ ಶೀಟ್ ಹೇಳ್ತಾ ಇದೆ. ಒಮ್ಮೆ ಬಂದು ನೋಡಿ.’

ಹೋದೆ. ವಿಭಾಗದ ಮೇಡಂ ಏನೂ ಮಾತಾಡದೆ ಒಂದು ಕಬ್ಬಿಣದ ಬೀರು ತೆರೆದರು. ಮೇಲಿಂದ ಕೆಳಗಿನವರೆಗೆ ಕ್ಯಾಸೆಟ್. ಕೆಲವಕ್ಕೆ ಚೀಟಿ ಅಂಟಿಸಿತ್ತು, ಕೆಲವದರ ಚೀಟಿ ಬಿದ್ದು ಬೀರುವಿನ ತಳದಲ್ಲಿ ಗುಡ್ಡೆಯಾಗಿತ್ತು. ಯಾವ ಚೀಟಿ ಯಾವ ಕ್ಯಾಸೆಟ್‌ದು ಅಂತ ಕೇಳಬೇಡಿ. ನಾನು ಮೊದಲು ಮಾಡಿದ ಕೆಲಸ ಅಂದರೆ ಪ್ರತಿ ಕ್ಯಾಸೆಟ್‌ನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ಮುರಿದದ್ದು. ಅದು ಹಾಗೇ ಇದ್ದರೆ, ತಪ್ಪಿ ಕೆಂಪು ಗುಂಡಿ ಒತ್ತಿದರೂ ಸಾಕು, ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ. ಟೇಪ್ ಸಡಿಲವಾಗಿದ್ದರೆ ಆರು ಮೂಲೆಯ ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತಬೇಕು. ಪ್ಲೇಯರ್‌ನ ಹೆಡ್ ಒರೆಸಬೇಕು. ಆಮೇಲೆ ಸುಮ್ನೆ ಕೂರಬೇಕು. ಇದರಲ್ಲಿ ಅಡ್ಡದಾರಿ ಇಲ್ಲ. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷ ಬೇಕೇ ಬೇಕು. ನಾವು ಇಟ್ಟುಕೊಂಡಿದ್ದು 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲ್. ಒಂದು ಗಂಟೆಗೆ ಸುಮಾರು 2 ಜಿಬಿ ಆಗುತ್ತದೆ. ಎಂಪಿ3 ಮಾಡಿದ್ದರೆ ಜಾಗ ಉಳಿಯುತ್ತಿತ್ತು ನಿಜ. ಆದರೆ ಎಂಪಿ3 ತೆಗೆದುಹಾಕಿದ ಸದ್ದು ಮತ್ತೆ ಬರಲ್ಲ.

ಒಂದು ಕ್ಯಾಸೆಟ್‌ನಲ್ಲಿ ಕಛೇರಿ ಇರಲಿಲ್ಲ, ಪಾಠ ಇತ್ತು. ಹಾಡುತ್ತಿದ್ದ ಮೇಷ್ಟ್ರು ಅರ್ಧಕ್ಕೆ ನಿಲ್ಲಿಸಿ, ‘ಅಲ್ಲ, ಅದನ್ನ ಅಷ್ಟು ಬೇಗ ಬಿಡಬೇಡ’ ಎನ್ನುತ್ತಾರೆ. ಮತ್ತೆ ಅದೇ ಸಾಲು. ಮತ್ತೆ ನಿಲ್ಲಿಸುತ್ತಾರೆ. ಹೀಗೆ 11 ಸಲ. ಪ್ರತಿ ಸಲವೂ ಸ್ವಲ್ಪ ಬೇರೆ. ನನ್ನ ಜೊತೆ ಕೆಲಸಕ್ಕಿದ್ದ ಹುಡುಗ, ‘ಇದು ರಿಹರ್ಸಲ್ ಅಲ್ವಾ, ಕಟ್ ಮಾಡಿ ಕೊನೇದು ಮಾತ್ರ ಇಟ್ಕೊಳ್ಳೋಣ್ವಾ?’ ಅಂತ ಕೇಳಿದ. ಮೇಡಂ ಹೆಡ್‌ಫೋನ್ ಕಿವಿಯಿಂದ ತೆಗೆಯದೆಯೇ ಹೇಳಿದರು, ‘ಅಪ್ಪಾ, ನಿಮ್ಮ ವಿಜ್ಞಾನದವರು ಲ್ಯಾಬ್ ನೋಟ್‌ಬುಕ್ ಅಂತಾರಲ್ಲ, ಇದು ನಮ್ಮ ಲ್ಯಾಬ್ ನೋಟ್‌ಬುಕ್.’

ಸರಿ, ಅಪ್‌ಲೋಡ್ ಮಾಡೋಣ ಅಂತ ಕೂತರೆ ಕರ್ತೃ ಯಾರು? ರಚಿಸಿದವರೋ, ಹಾಡಿದವರೋ, ಪಕ್ಕವಾದ್ಯದವರೋ, ರೆಕಾರ್ಡ್ ಮಾಡಿದವರೋ? ನನ್ನ ಶೀಟ್‌ನಲ್ಲಿ ‘ಲೇಖಕರು’ ಅಂತ ಒಂದೇ ಕಾಲಂ ಇತ್ತು. ಡಬ್ಲಿನ್ ಕೋರ್‌ನಲ್ಲಿ ಕರ್ತೃ ಬೇರೆ, ಸಹಭಾಗಿ ಬೇರೆ. ಅದನ್ನೇ ಹಿಡಿದು ಒಬ್ಬೊಬ್ಬರ ಪಾತ್ರ ಬರೆದೆವು. ವಿಜ್ಞಾನದ ಲೇಖನಗಳಿಗೂ ಈ ಪಾಡು ತಪ್ಪಿಲ್ಲ. ಅಲ್ಲಿ ಕ್ರೆಡಿಟ್ ಅನ್ನೋ ಪದ್ಧತಿಯಲ್ಲಿ 14 ಪಾತ್ರಗಳಿವೆ: ಯೋಚನೆ ಯಾರದು, ದತ್ತಾಂಶ ಅಚ್ಚುಕಟ್ಟು ಮಾಡಿದ್ದು ಯಾರು, ಹಣ ತಂದದ್ದು ಯಾರು ಅಂತೆಲ್ಲ. ಪಕ್ಕವಾದ್ಯದವರ ಪಾತ್ರ ಮಾತ್ರ ಆ ಪಟ್ಟಿಯಲ್ಲಿಲ್ಲ. ಎಲ್ಲರಿಂದಲೂ ಒಪ್ಪಿಗೆ ಪತ್ರ ತರಿಸಿದೆವು. ಒಂದು ಕ್ಯಾಸೆಟ್‌ನಲ್ಲಿ ನುಡಿಸಿದ ಒಬ್ಬರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಅದನ್ನು ಗ್ರಂಥಾಲಯದ ಒಳಗೆ ಕೂತು ಮಾತ್ರ ಕೇಳಬಹುದು.

ಸಂಗೀತದವರ ವಿಷಯ ಹರಡಿತು. ‘ಗ್ರಂಥಾಲಯದವರು ಕಾಗದ ಅಲ್ಲದ್ದನ್ನೂ ತಗೋತಾರಂತೆ’ ಅಂತ. ಮುಂದಿನ ತಿಂಗಳು ನಾಟಕ ವಿಭಾಗದಿಂದ ಫೋನ್.

ಅಲ್ಲಿಯ ಸರ್ ನನ್ನೆದುರು ಒಂದು ದಪ್ಪ ಫೈಲ್ ಇಟ್ಟರು. ‘ಎಂಟು ತಿಂಗಳ ಕೆಲಸ, ಮೂರು ಪ್ರದರ್ಶನ. ಈಗ ಇಷ್ಟೇ ಉಳಿದಿರೋದು’ ಎಂದರು. ವಿಡಿಯೊ ಇಲ್ವಾ ಸರ್ ಅಂದೆ. ‘ಇದೆ. ಆದ್ರೆ ಅದು ಕ್ಯಾಮೆರಾ ನೋಡಿದ ನಾಟಕ. ಮೂಲೆಯಲ್ಲಿ ನಿಂತಿದ್ದವಳು ಏನು ಮಾಡ್ತಿದ್ದಳು ಅಂತ ಅದರಲ್ಲಿ ಕಾಣಲ್ಲ.’ ಫೈಲ್ ತಿರುವಿ ಹಾಕಿದೆ. ಸಂಭಾಷಣೆಯ ಅಂಚಿನಲ್ಲೆಲ್ಲ ಪೆನ್ಸಿಲ್ ಗೀಚು. ‘ಇಲ್ಲಿ ಮೂರು ಎಣಿಸು.’ ‘ನೋಡಬೇಡ, ಕೇಳಿಸಿಕೋ.’ ಒಂದು ಕಡೆ ಎರಡು ಪುಟದ ಮಾತು ಪೂರ್ತಿ ಹೊಡೆದು ಹಾಕಿ ‘ಕುರ್ಚಿ ಸಾಕು’ ಅಂತ ಬರೆದಿತ್ತು. ಕೊನೆಯಲ್ಲಿ ಬೆಳಕಿನ ಕ್ಯೂ ಶೀಟ್. ಕ್ಯೂ 41: ಎಡಗಡೆ ದೀಪ 12 ಸೆಕೆಂಡಿನಲ್ಲಿ ಆರಬೇಕು. ಪಕ್ಕದಲ್ಲಿ 12 ಹೊಡೆದು 20. ಅದನ್ನೂ ಹೊಡೆದು ಮತ್ತೆ 12. ನಾಲ್ಕು ವಸ್ತ್ರದ ಚೂರುಗಳನ್ನು ಪಿನ್ ಮಾಡಿದ್ದರು. ಒಂದಕ್ಕೆ ತುಕ್ಕು ಹಿಡಿದಿತ್ತು.

‘ಇದಕ್ಕೆ ಏನಂತ ಹಾಕ್ತೀರಿ?’ ಅಂತ ಕೇಳಿದರು. ನನ್ನ ಪಟ್ಟಿಯಲ್ಲಿ ಅದಕ್ಕಿದ್ದದ್ದು ‘ಇತರೆ’ ಮಾತ್ರ. ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ಅಷ್ಟು ಹೊತ್ತಿಗೆ ‘ಇತರೆ’ಯಲ್ಲಿ ಸಂಗೀತ, ನಾಟಕ, ನಕ್ಷೆ, ಪೋಸ್ಟರ್, ಸಾಫ್ಟ್‌ವೇರ್, ಮಣ್ಣಿನ ಮಾದರಿಯ ಫೋಟೊ ಎಲ್ಲ ಸೇರಿ, ಅದೇ ಎಲ್ಲಕ್ಕಿಂತ ದೊಡ್ಡ ಗುಡ್ಡೆಯಾಗಿತ್ತು. ಹುಡುಕಿದರೆ ಏನೂ ಸಿಗದ ಗುಡ್ಡೆ. ಆ ರಾತ್ರಿ ಡಬ್ಲಿನ್ ಕೋರ್‌ನವರ ದಾಖಲೆಗಳನ್ನು ಸರಿಯಾಗಿ ಓದಿದೆ. ಮೊದಲೇ ಓದಬೇಕಿತ್ತು, ಬಿಡಿ. ಅವರು ಪ್ರಕಾರಗಳಿಗೆ ಅಂತಲೇ 12 ಪದಗಳ ಪಟ್ಟಿ ಮಾಡಿಟ್ಟಿದ್ದಾರೆ. ಪಠ್ಯ, ಧ್ವನಿ, ಸ್ಥಿರಚಿತ್ರ, ಚಲಚಿತ್ರ, ದತ್ತಾಂಶ, ಸಾಫ್ಟ್‌ವೇರ್ ಎಲ್ಲ ಇವೆ. ಇವುಗಳ ನಡುವೆ ‘ಘಟನೆ’ ಅಂತ ಒಂದು, ‘ಭೌತಿಕ ವಸ್ತು’ ಅಂತ ಒಂದು. ನಾಟಕ ಒಂದು ಘಟನೆ! ಆಗಿ ಮುಗಿದುಹೋಗುವುದಕ್ಕೂ ಯಾರೋ ಒಂದು ಪದ ಯೋಚಿಸಿ ಇಟ್ಟಿದ್ದರು. ‘ಇತರೆ’ ಅನ್ನೋ ಪದವೇ ಆ ಪಟ್ಟಿಯಲ್ಲಿರಲಿಲ್ಲ. ಮರುದಿನ ನಾಟಕಕ್ಕೆ ‘ಘಟನೆ’ ಅಂತ ಒಂದು ದಾಖಲೆ ಮಾಡಿ, ಅದರ ಕೆಳಗೆ ಸ್ಕ್ರಿಪ್ಟ್, ಕ್ಯೂ ಶೀಟ್, ಬಟ್ಟೆ ಚೂರಿನ ಫೋಟೊ, ವಿಡಿಯೊ ಎಲ್ಲವನ್ನೂ ಪೋಣಿಸಿದೆವು.

ಥೀಸಿಸ್‌ಗಳು ಸುಲಭ ಅಂದುಕೊಂಡಿದ್ದೆ. ಹಳೆಯವನ್ನು ತೆರೆದರೆ ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಯುನಿಕೋಡ್ ರೂಢಿಗೆ ಬರುವ ಮುಂಚಿನ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಆ ಫಾಂಟ್ ಈಗ ಯಾರ ಹತ್ತಿರವೂ ಇಲ್ಲ. ಅದಕ್ಕೇ ಈಗ ಪಿಡಿಎಫ್/ಎ ಬೇಕು ಅಂತ ಹಟ ಹಿಡಿಯುತ್ತೇವೆ. 2005ರಲ್ಲಿ ಐಎಸ್‌ಒ ಮಾನ್ಯತೆ ಪಡೆದ ಮಾದರಿ ಅದು. ಫಾಂಟ್ ಸಮೇತ ಎಲ್ಲವೂ ಫೈಲ್ ಒಳಗೇ ಇರಬೇಕು. ‘ಮಾಮೂಲಿ ಪಿಡಿಎಫ್ ಸಾಲಲ್ವಾ?’ ಅಂತ ಕೇಳುವವರಿಗೆ ಆ ಚಿಹ್ನೆಗಳ ಪುಟ ತೋರಿಸುತ್ತೇನೆ. ಮರುಮಾತಿಲ್ಲ.

ಚಿತ್ರಕಲೆಯ ಹುಡುಗಿಯೊಬ್ಬಳದ್ದು ಬೇರೆಯೇ ಕತೆ. ಅವಳ ಪ್ರಬಂಧದ ಅರ್ಧ ಭಾಗ ಚಿತ್ರಗಳಲ್ಲೇ ಇತ್ತು. ಚಿತ್ರ ಅಂದರೆ ಅಲಂಕಾರಕ್ಕಲ್ಲ, ವಾದವೇ ಚಿತ್ರದಲ್ಲಿ. ಪರೀಕ್ಷಾ ವಿಭಾಗದವರು ಎಡಗಡೆ ಮಾರ್ಜಿನ್ ಎಲ್ಲಿ, ಡಬಲ್ ಸ್ಪೇಸಿಂಗ್ ಎಲ್ಲಿ ಅಂತ ವಾಪಸ್ ಕಳಿಸಿದ್ದರು. ಅವಳು ಅಳುಮುಖ ಮಾಡಿಕೊಂಡು ನಮ್ಮಲ್ಲಿಗೆ ಬಂದಳು. ನಮ್ಮ ಕೈಲಿ ನಿಯಮ ಬದಲಿಸಲು ಆಗಲ್ಲ. ಉದಾಹರಣೆ ಹುಡುಕಿಕೊಡಲು ಆಗುತ್ತದೆ. 2014ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಿಕ್ ಸೂಸಾನಿಸ್ ಇಡೀ ಡಾಕ್ಟರೇಟ್ ಪ್ರಬಂಧವನ್ನು ಕಾಮಿಕ್ಸ್ ರೂಪದಲ್ಲೇ ಕೊಟ್ಟಿದ್ದಾರೆ. ಮುಂದಿನ ವರ್ಷ ಅದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನ ಪುಸ್ತಕವಾಗಿ ತಂದಿತು. 2017ರಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಎ. ಡಿ. ಕಾರ್ಸನ್ ಅವರು 34 ಹಾಡುಗಳ ರ‍್ಯಾಪ್ ಆಲ್ಬಂ ಅನ್ನೇ ಪ್ರಬಂಧವಾಗಿ ಸಲ್ಲಿಸಿ ಪಿಎಚ್‌ಡಿ ಪಡೆದರು. ಎರಡನ್ನೂ ಒಂದು ಪುಟದಲ್ಲಿ ಬರೆದು ಅವಳ ಕೈಗೆ ಕೊಟ್ಟೆವು. ಅವಳ ಗೈಡ್ ಅದನ್ನು ಹಿಡಿದುಕೊಂಡು ಮೂರು ಮೀಟಿಂಗ್ ಮಾಡಿದರು. ಮಾರ್ಜಿನ್ ಇಲ್ಲದೆಯೇ ಪಾಸಾಯಿತು. ಮುನ್ನುಡಿಗೆ ಮಾತ್ರ ಡಬಲ್ ಸ್ಪೇಸಿಂಗ್ ಹಾಕಿಸಿದರು.

ನನ್ನದೂ ಒಂದು ಎಡವಟ್ಟು ಹೇಳಲೇಬೇಕು. ಎಂಜಿನಿಯರಿಂಗ್‌ನ ಒಂದು ಥೀಸಿಸ್‌ಗೆ ‘ಎಲ್ಲರಿಗೂ ತೆರೆದಿದೆ’ ಅಂತ ಟಿಕ್ ಹಾಕಿಬಿಟ್ಟೆ. ಅದರ ಜೊತೆ ಬಂದ ಪತ್ರದಲ್ಲಿ, ಪೇಟೆಂಟ್ ಅರ್ಜಿ ಹಾಕುವವರೆಗೆ ತಡೆಹಿಡಿಯಿರಿ ಅಂತ ಇತ್ತು. ನಾನು ಪತ್ರದ ಎರಡನೇ ಪುಟ ತಿರುಗಿಸಿರಲಿಲ್ಲ. ಪೇಟೆಂಟ್‌ಗೆ ಹೊಸತನ ಮುಖ್ಯ. ಅರ್ಜಿಗೆ ಮುಂಚೆ ಜಗತ್ತಿಗೆ ತೋರಿಸಿಬಿಟ್ಟರೆ ಹಲವು ದೇಶಗಳಲ್ಲಿ ಅರ್ಜಿಯೇ ನಿಲ್ಲದೆ ಹೋಗಬಹುದು. ರಾತ್ರಿ ಹತ್ತಕ್ಕೆ ಗೈಡ್ ಫೋನ್ ಮಾಡಿದರು. ಅವರು ಕೂಗಾಡಲಿಲ್ಲ. ಬಹಳ ಮೆಲ್ಲಗೆ ಮಾತಾಡಿದರು, ಅದೇ ಹೆಚ್ಚು ಭಯವಾಗಿದ್ದು. ಲಾಗಿನ್ ಆಗಿ ಮುಚ್ಚಿ, ಲಾಗ್ ತೆಗೆದು ನೋಡಿದೆ. ಒಂದು ಡೌನ್‌ಲೋಡ್ ಆಗಿತ್ತು. ಬೆನ್ನಲ್ಲಿ ಬೆವರು. ಐಪಿ ವಿಳಾಸ ನೋಡಿದರೆ ನನ್ನದೇ ಕಂಪ್ಯೂಟರ್. ಫೈಲ್ ತೆರೆಯುತ್ತೋ ಇಲ್ವೋ ಅಂತ ಮಧ್ಯಾಹ್ನ ನಾನೇ ಪರೀಕ್ಷೆ ಮಾಡಿದ್ದೆ. ಅಂದಿನಿಂದ ಪತ್ರದ ಹಿಂದಿನ ಪುಟವನ್ನು ಮೊದಲು ಓದುತ್ತೇನೆ.

ಪ್ರಕಟವಾದ ಲೇಖನಗಳ ಗೋಳು ಎಲ್ಲರಿಗೂ ಗೊತ್ತಿದ್ದದ್ದೇ. ಪ್ರಕಾಶಕರು ಸಿಂಗರಿಸಿದ ಪಿಡಿಎಫ್ ಹಾಕುವಂತಿಲ್ಲ, ಒಪ್ಪಿಗೆಯಾದ ಹಸ್ತಪ್ರತಿ ಹಾಕಬಹುದು, ಅದೂ ಕೆಲವು ಸಲ 6 ಅಥವಾ 12 ತಿಂಗಳು ಕಾದು. ಆ ಹಸ್ತಪ್ರತಿಯನ್ನು ಯಾರೂ ಇಟ್ಟುಕೊಂಡಿರಲ್ಲ. ‘ನಾನೇ ಬರೆದಿದ್ದು, ನನ್ನದೇ ಅಲ್ವಾ?’ ಅಂತ ಹಿರಿಯ ಪ್ರೊಫೆಸರ್ ಒಬ್ಬರು ಕೇಳಿದಾಗ ಅವರು ಸಹಿ ಹಾಕಿದ ಒಪ್ಪಂದವನ್ನೇ ತೋರಿಸಬೇಕಾಯಿತು.

ಅದಕ್ಕಿಂತ ಮಜಾ ಇದ್ದದ್ದು ಪರಿಸರ ವಿಭಾಗದ ದತ್ತಾಂಶದಲ್ಲಿ. ಸಂಶೋಧಕರೊಬ್ಬರು ಒಂದು ಹೊಳೆಯ ನೀರಿನ ಉಷ್ಣಾಂಶವನ್ನು ವರ್ಷಗಟ್ಟಲೆ ಅಳೆದಿದ್ದರು. ಕಾಲಂಗಳ ಹೆಸರು ‘ಟಿ1’, ‘ಟಿ2 ಹೊಸದು’, ‘ಟಿ2 ಫೈನಲ್’, ‘ಟಿ2 ಫೈನಲ್ ನಿಜ’. ಅಪ್‌ಲೋಡ್ ಮಾಡುವ ಮುಂಚೆ ಸುಮ್ನೆ ಸರಾಸರಿ ತೆಗೆದೆ. ಸೊನ್ನೆಗಿಂತ ನೂರಾರು ಡಿಗ್ರಿ ಕೆಳಗೆ ಬಂತು. ಹೊಳೆ ಹರಿಯೋದಿರಲಿ, ಗಾಳಿಯೇ ಹೆಪ್ಪುಗಟ್ಟುವಷ್ಟು ತಂಪು. ಅವರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ಸೆನ್ಸರ್ ಕೆಟ್ಟ ದಿನ -9999 ಅಂತ ಹಾಕುವುದು ಅವರ ಲೋಕದ ರೂಢಿ. ಅಳತೆ ಇಲ್ಲ ಅಂತ ಅದರ ಅರ್ಥ. ಅವರಿಗೆ ಅದು ಎಷ್ಟು ಸಹಜ ಅಂದರೆ ಎಲ್ಲೂ ಬರೆದಿಟ್ಟಿರಲಿಲ್ಲ.

ಆಮೇಲೆ ಅವರ ಫೀಲ್ಡ್ ನೋಟ್‌ಬುಕ್ ತರಿಸಿಕೊಂಡೆವು. ಎಲ್ಲ ಪೆನ್ಸಿಲ್ ಬರಹ. ಮಳೆಯಲ್ಲಿ ಶಾಯಿ ಹರಡಿಬಿಡುತ್ತದಂತೆ. -9999 ಇದ್ದ ಒಂದೊಂದು ದಿನಕ್ಕೂ ಅಲ್ಲಿ ಕಾರಣ ಸಿಕ್ಕಿತು. ‘ಬ್ಯಾಟರಿ ಖಾಲಿ.’ ‘ಪ್ರವಾಹ, ಹೋಗಲಾಗಲಿಲ್ಲ.’ ‘ಸೆನ್ಸರ್ ಮೇಲೆ ಏಡಿ ಕೂತಿದೆ.’ ನೋಟ್‌ಬುಕ್ ಸ್ಕ್ಯಾನ್ ಮಾಡಿ ದತ್ತಾಂಶದ ಜೊತೆಗೇ ಇಟ್ಟೆವು. ಕಾಲಂಗಳಿಗೆ ಅರ್ಥ ಬರೆದ ಒಂದು ರೀಡ್‌ಮಿ ಫೈಲ್ ಮಾಡಿಸಿ, ಡಿಒಐ ಸಂಖ್ಯೆ (ಆನ್‌ಲೈನ್‌ನಲ್ಲಿ ಅದನ್ನು ಹುಡುಕಲು ಶಾಶ್ವತ ಗುರುತು) ಕೊಟ್ಟೆವು. ಲೇಖನಕ್ಕೆ ಮಾತ್ರವಲ್ಲ, ದತ್ತಾಂಶಕ್ಕೂ ಡಿಒಐ ಸಿಗುತ್ತದೆ. 2009ರಲ್ಲಿ ಡೇಟಾಸೈಟ್ ಅನ್ನೋ ಸಂಸ್ಥೆ ಹುಟ್ಟಿದ್ದೇ ಅದಕ್ಕೆ.

ಎಲ್ಲವನ್ನೂ ತೆರೆದಿಡಬೇಕು ಅನ್ನೋ ನನ್ನ ಹುರುಪಿಗೆ ಬ್ರೇಕ್ ಹಾಕಿದ್ದು ಸಮಾಜಶಾಸ್ತ್ರದವರು. ಅವರ ಹತ್ತಿರ ಸಂದರ್ಶನಗಳ ಧ್ವನಿಮುದ್ರಣ ಇತ್ತು. ಮಾತಾಡಿದವರಿಗೆ, ನಿಮ್ಮ ದನಿ ಹೊರಗೆ ಹೋಗಲ್ಲ ಅಂತ ಮಾತು ಕೊಟ್ಟಿದ್ದರು. ಹೆಸರು ತೆಗೆದು ಹಾಕೋಣ ಅಂದೆ. ‘ದನಿಗೆ ಹೆಸರು ಬೇಡ, ಅವರ ಪಕ್ಕದ ಮನೆಯವರು ಕೇಳಿದ್ರೆ ಸಾಕು’ ಎಂದರು. ವಿವರಣೆ ಮಾತ್ರ ಹಾಕಿ, ಫೈಲ್ ಜಾಗವನ್ನು ಖಾಲಿ ಬಿಟ್ಟೆವು.

ಎರಡನೇ ವರ್ಷದಲ್ಲಿ ಒಂದೇ ಪ್ರಶ್ನೆ ಪದೇ ಪದೇ ಬಂತು: ‘ಇದಕ್ಕೆ ಬಡ್ತಿಯಲ್ಲಿ ಅಂಕ ಸಿಗುತ್ತಾ?’ ಕೇಳುವವರ ತಪ್ಪಲ್ಲ. ಅಂಕ ಕೊಡುವ ಫಾರಂನಲ್ಲೂ ನಾನು ಮೊದಲು ಮಾಡಿದಂಥದ್ದೇ ಪಟ್ಟಿ ಇರುತ್ತದೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಡೋರಾ ಅನ್ನೋ ಘೋಷಣೆ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳನ್ನು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋ ಅಂಕಿ) ನೋಡಿ ಮನುಷ್ಯರನ್ನು ಅಳೆಯಬೇಡಿ, ದತ್ತಾಂಶ, ಸಾಫ್ಟ್‌ವೇರ್ ಕೂಡ ಲೆಕ್ಕಕ್ಕೆ ತಗೊಳ್ಳಿ ಅಂತ ಹೇಳುತ್ತದೆ. ಹೇಳುತ್ತದೆ, ಅಷ್ಟೇ. ನಮ್ಮ ಕೈಲಾದದ್ದು ಅಂದರೆ ಎಲ್ಲರಿಗೂ ಆರ್ಕಿಡ್ ಸಂಖ್ಯೆ (ಸಂಶೋಧಕರ ಗುರುತಿನ ಸಂಖ್ಯೆ) ಮಾಡಿಸಿ, ಅವರ ಹೆಸರಿನಡಿ ಲೇಖನದ ಪಕ್ಕದಲ್ಲೇ ನಾಟಕವೂ ಕಾಣುವ ಹಾಗೆ ಮಾಡಿದ್ದು. ಆ ಸಂಖ್ಯೆಗೆ 16 ಸ್ಥಾನ. ಕೊನೆಯದು ಕೆಲವು ಸಲ ಇಂಗ್ಲಿಷಿನ ಎಕ್ಸ್ ಆಗಿರುತ್ತದೆ. ನನ್ನ ಸಂಖ್ಯೆ ತಪ್ಪಾಗಿ ಪ್ರಿಂಟ್ ಆಗಿದೆ ಅಂತ ಒಬ್ಬರು ಎರಡು ಸಲ ಬಂದು ಜಗಳ ಆಡಿದರು.

ವಾಸ್ತುಶಿಲ್ಪ ವಿಭಾಗಕ್ಕೆ ನಾವು ತಡವಾಗಿ ಹೋದೆವು. ಪರೀಕ್ಷೆ ಮುಗಿದ ಮರುದಿನ. ಮಾಡೆಲ್‌ಗಳು ಆಗಲೇ ಹೊರಗೆ ರಾಶಿ ಬಿದ್ದಿದ್ದವು. ಇಡಲು ಜಾಗ ಇಲ್ಲವಲ್ಲ. ಒಂದು ಮೆಟ್ಟಿಲಿನ ಮಾಡೆಲ್ ಅರ್ಧ ಮುರಿದಿತ್ತು, ಅದನ್ನೇ ಎತ್ತಿಕೊಂಡು ಬಂದು ಪಕ್ಕದಲ್ಲಿ ಸ್ಕೇಲ್ ಇಟ್ಟು ಎಂಟು ಕಡೆಯಿಂದ ಫೋಟೊ ತೆಗೆದೆವು. ಈಗ ಪರೀಕ್ಷೆಯ ದಿನವೇ ಕ್ಯಾಮೆರಾ ಹಿಡಿದು ಹೋಗಿ ನಿಲ್ಲುತ್ತೇವೆ.

ಕೊನೆಗೆ ಹಳೆಯ ಪಟ್ಟಿಯನ್ನು ತಿದ್ದುವ ದಿನ ಬಂತು. ಹೊಸ ಪ್ರಕಾರಗಳೆಲ್ಲ ಸೇರಿದವು. ‘ಇತರೆ’ಯಲ್ಲಿ ಇದ್ದದ್ದನ್ನು ಒಂದೊಂದಾಗಿ ಎತ್ತಿ ಅದರದರ ಜಾಗಕ್ಕೆ ಹಾಕಿದೆ. ಖಾಲಿಯಾಯಿತು. ‘ಸರ್, ಇನ್ನು ಇದನ್ನ ತೆಗೆದುಬಿಡ್ಲಾ?’ ಅಂತ ಗ್ರಂಥಪಾಲಕರನ್ನು ಕೇಳಿದೆ. ‘ಇರಲಿ, ಒಂದು ವಾರ’ ಎಂದರು.

ಮೂರನೇ ದಿನ ಗಣಿತದ ಮೇಡಂ ಒಂದು ಬಟ್ಟೆಯ ಚೀಲ ಹಿಡಿದು ಬಂದರು. ಗಣಿತದವರದ್ದು ಲೇಖನವೇ ಇರುತ್ತದೆ ಅಂತ ಫಾರಂ ತೆಗೆದೆ. ಅವರು ಚೀಲದಿಂದ ತೆಗೆದದ್ದು ಉಲ್ಲನ್. ಅಂಚು ಪೂರ್ತಿ ಸುಕ್ಕುಸುಕ್ಕು, ಎಲೆಕೋಸಿನ ಹಾಗೆ. ಕ್ರೋಶಾದಲ್ಲಿ ಹೆಣೆದದ್ದು. ಅದು ಹೈಪರ್ಬೋಲಿಕ್ ಸಮತಲ ಅಂತೆ, ಅಂದರೆ ಅಂಚಿನ ಕಡೆ ಹೋದಷ್ಟೂ ಚಪ್ಪಟೆ ಹಾಳೆಗಿಂತ ಹೆಚ್ಚು ಹರಡಿಕೊಳ್ಳುವ ಮೇಲ್ಮೈ. ಕಾಗದದಲ್ಲಿ ಮಾಡಿದರೆ ಹರಿದುಹೋಗುತ್ತದೆ. 1997ರಲ್ಲಿ ಕಾರ್ನೆಲ್‌ನ ಗಣಿತಜ್ಞೆ ದೈನಾ ತೈಮಿನ್ಯಾ ಇದನ್ನು ಕ್ರೋಶಾದಲ್ಲಿ ಹೆಣೆದು ತೋರಿಸಿದರಂತೆ. ನಮ್ಮ ಮೇಡಂ ತಮ್ಮ ತರಗತಿಗೆ ಅಂತ ಏಳು ಮಾದರಿ ಹೆಣೆದಿದ್ದರು. ಒಂದಕ್ಕಿಂತ ಒಂದು ಜಾಸ್ತಿ ಸುಕ್ಕು. ‘ಇದರ ಮೇಲೆ ಗೆರೆ ಹೊಲಿದು ತೋರಿಸ್ತೀನಿ. ಒಂದು ಗೆರೆ, ಹೊರಗೊಂದು ಚುಕ್ಕೆ. ಆ ಚುಕ್ಕೆಯಿಂದ, ಮೊದಲನೇ ಗೆರೆಗೆ ತಾಗದ ಹಾಗೆ ಎಷ್ಟು ಗೆರೆ ಬೇಕಾದ್ರೂ ಹೋಗುತ್ತೆ. ಬೋರ್ಡ್ ಮೇಲೆ ಹೇಳಿದ್ರೆ ಯಾರೂ ನಂಬಲ್ಲ.’

ಭೌತಿಕ ವಸ್ತು ಅಂತ ಹಾಕಿದೆ. ಮುಂದಿನ ಕಾಲಂ ಅಳತೆ. ಸ್ಕೇಲ್ ತಗೊಂಡೆ. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಮಡಚಿಕೊಳ್ಳುತ್ತದೆ. ಚಪ್ಪಟೆ ಮಾಡಲು ಒತ್ತಿದೆ, ಆಗಲಿಲ್ಲ.

‘ಉದ್ದ ಅಗಲ ಏನು ಬರೆಯಲಿ ಮೇಡಂ?’

‘ಅದು ಬೇಡ. ಪ್ರತಿ ಐದು ಹೊಲಿಗೆಗೆ ಒಂದು ಹೊಲಿಗೆ ಹೆಚ್ಚು ಅಂತ ಬರೀರಿ. ಅಷ್ಟು ಗೊತ್ತಿದ್ರೆ ಯಾರು ಬೇಕಾದ್ರೂ ಮಾಡ್ಕೋತಾರೆ.’

ಹಾಗೇ ಬರೆದೆ. ಎರಡನೇ ಮಾದರಿಗೆ ಪ್ರತಿ ನಾಲ್ಕಕ್ಕೆ ಒಂದು.